ಮುತ್ತತ್ತೆಯ ಕೆಂಡ

ಕಲ್ಲುಹೊಳೆ ಎಸ್ಟೇಟ್, ಬಾಳೂರು
15 ಸೆಪ್ಟೆಂಬರ್ 2024

ಸೌಮ್ಯಾ,

ನೀನು ಹೋಗಿ ಹನ್ನೊಂದು ದಿನ ಆಯ್ತು. ವಿಮಾನ ಇಳಿದ ಕೂಡ್ಲೇ ಫೋನ್ ಮಾಡಿದೆ, ಸರಿ. ಆದ್ರೆ ಆ ಫೋನ್ ನನಗೆ ಬಂದಿದ್ದಾ, ಇಡೀ ಎಸ್ಟೇಟಿಗೆ ಬಂದಿದ್ದಾ? ರೈಟರ್ ಸುರೇಂದ್ರ ಅವ್ರು ಆಫೀಸಿನ ಮೆಟ್ಟಿಲ ಮೇಲೆ ನಿಂತು, ನನ್ನ ಕಿವಿಗೆ ಬಾಯಿಟ್ಟು, "ಸೌಮ್ಯ ತಲುಪಿದ್ಲಂತೇ! ಹೊಟ್ಟೆ ಕೆಟ್ಟಿದೆಯಂತೇ!" ಅಂತ ಕೂಗಿದ್ರು. ಕಳೆ ತೆಗೀತಿದ್ದ ಹೆಂಗಸರೆಲ್ಲ ಕತ್ತಿ ಕೆಳಗಿಟ್ಟು ನಕ್ಕರು. ಸಂಜೆ ಹೊತ್ತಿಗೆ ನಿನ್ನ ಹೊಟ್ಟೆ ಸುದ್ದಿ ಬಾಳೂರು ಪೇಟೆ ಮುಟ್ಟಿತ್ತು.

ಕಾಫಿ ಹಣ್ಣು ಸುಲಿಯೋ ಪಲ್ಪರ್ ಮಿಷನ್ನಿನ ಸದ್ದು ನನ್ನ ಕಿವಿ ತಿಂದುಹಾಕ್ತು, ಅದಕ್ಕೆ ಯಾರೇನು ಮಾಡಕ್ಕಾಗುತ್ತೆ. ಆದ್ರೆ ಕಣ್ಣು ಚೆನ್ನಾಗಿದೆ, ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಮರ್ತಿಲ್ಲ. ಅದಕ್ಕೇ ಹೇಳ್ತೀನಿ ಕೇಳು. ಭಾನುವಾರಕ್ಕೊಂದು ಸಲ ಸುರೇಂದ್ರ ಅವ್ರಿಗೆ ಫೋನ್ ಮಾಡಿ "ಚೆನ್ನಾಗಿದೀನಿ" ಅನ್ನು, ಸಾಕು. ಮಿಕ್ಕಿದ್ದೆಲ್ಲ ಕಾಗದದಲ್ಲಿ ಬರಿ. ನಮ್ಮಿಬ್ಬರ ಮಾತು ನಮ್ಮಿಬ್ಬರಿಗೇ ಇರ್ಲಿ.

ನಿನ್ನಪ್ಪ ಅಮ್ಮ ಹೋದ ಮೇಲೆ ಹನ್ನೆರಡು ವರ್ಷ ನಿನ್ನ ಪಕ್ಕದಲ್ಲೇ ಮಲಗಿದವಳು ನಾನು. ಈಗ ರಾತ್ರಿ ಮಗ್ಗುಲಿಗೆ ಕೈ ಹಾಕಿದ್ರೆ ಬರೀ ಚಾಪೆ. ಅಳ್ತಿಲ್ಲ, ಸುಮ್ನೆ ಹೇಳ್ದೆ. ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಈ ಕೂಲಿ ಲೈನಿನಿಂದ ಸಮುದ್ರ ದಾಟಿದವಳು ನೀನೊಬ್ಬಳೇ ಅಂತ ಹೆಮ್ಮೆ ಇದೆ. ಅಲ್ಲಿ ಚಳಿ ಹೇಗಿದೆ? ಎಲ್ಲಿ ಮಲಗ್ತೀಯ? ಯಾರ ಜೊತೆ? ಎಲ್ಲ ಬರಿ.

ನಿನ್ನ ಅತ್ತೆ,
ಮುತ್ತಮ್ಮ

—

ಲಿಮರಿಕ್, ಐರ್ಲೆಂಡ್
8 ಅಕ್ಟೋಬರ್ 2024

ಅತ್ತೆಗೆ ನಮಸ್ಕಾರ.

ಹೊಟ್ಟೆ ಸರಿಯಾಗಿದೆ. ಬಾಳೂರು ಪೇಟೆಗೂ ತಿಳಿಸಿಬಿಡು.

ಯೂನಿವರ್ಸಿಟಿ ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ಊರಲ್ಲಿ ಮನೆ ಸಿಗೋದೇ ಕಷ್ಟ ಅತ್ತೆ, ಒಂದು ರೂಮಿಗೆ ಐವತ್ತು ಜನ ಸಾಲು ನಿಲ್ತಾರೆ. ಕೊನೆಗೆ ಒಬ್ಬ ಹೆಂಗಸಿನ ಮನೆ ಹಿತ್ತಲಲ್ಲಿ ಒಂದು ರೂಮು ಸಿಕ್ಕಿತು. ಮೊದಲು ಕಾರು ನಿಲ್ಲಿಸುವ ಶೆಡ್ಡಾಗಿತ್ತಂತೆ. ಎರಡು ಮಂಚ, ಒಂದು ಸಿಂಕು, ಒಂದು ಕಿಟಕಿ. ಜೊತೆಗಿರುವವಳು ರಜನಿ, ಆಲ್ದೂರಿನ ಬಟ್ಟೆ ಅಂಗಡಿ ಮಲ್ಲೇಶಪ್ಪನವರ ಮಗಳು. ವೀಸಾ ಕ್ಯೂನಲ್ಲಿ ಪರಿಚಯವಾಯಿತು. ಊರಲ್ಲಾಗಿದ್ದರೆ ಅವರ ಅಂಗಡಿಯ ಗಲ್ಲಾ ಆಚೆ ಅವಳು, ಈಚೆ ನಾನು. ಇಲ್ಲಿ ಒಂದೇ ತಟ್ಟೆಯಲ್ಲಿ ಚಿತ್ರಾನ್ನ ತಿಂತೀವಿ. ಅವಳಿಗೆ ಚಳಿ ತಡೆಯೋಕಾಗಲ್ಲ. ಬೆಳಿಗ್ಗೆ ಕಾಲುಚೀಲ ಹಾಕ್ಕೊಳ್ಳುವಾಗ ದಿನಾ ಅಳ್ತಾಳೆ, ಆಮೇಲೆ ನಗ್ತಾಳೆ. ಅವಳೂ ನಿನ್ನನ್ನ ಮುತ್ತತ್ತೆ ಅಂತಾಳೆ.

ಕ್ಲಾಸಿನಲ್ಲಿ ಮೊದಲ ವಾರ ಮೇಷ್ಟ್ರ ಮಾತು ಒಂದಕ್ಷರ ಅರ್ಥವಾಗಲಿಲ್ಲ. ಅವರನ್ನ ಹೆಸರು ಹಿಡಿದು ಕರೀಬೇಕಂತೆ, ಸರ್ ಅಂದರೆ ಮುಖ ಹುಳ್ಳಗಾಗುತ್ತೆ. ನನಗೆ ಬಾಯೇ ಬರಲ್ಲ. ಏನೂ ಕರೆಯದೆ ಕೈ ಎತ್ತಿ ಕೂರ್ತೀನಿ. ಬಸ್ಸಿಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳೀತಾರೆ, ಅದು ಮಾತ್ರ ನನಗೆ ತುಂಬಾ ಹಿಡಿಸಿತು.

ಮಳೆ ನಮ್ಮೂರಿನದೇ. ಆದರೆ ನಮ್ಮ ಲೈನ್ ಮನೆಯ ಬಿಸಿ ಇಲ್ಲ. ಹೀಟರ್ ಇದೆ, ಅದರ ಸ್ವಿಚ್ಚು ಓನರಮ್ಮನ ಮನೆಯಲ್ಲಿ. ಸಂಜೆ ಎರಡು ಗಂಟೆ ಹಾಕ್ತಾಳೆ, ಅಷ್ಟೇ. ಬಟ್ಟೆ ಐದು ದಿನವಾದರೂ ಒಣಗಲ್ಲ. ಮಂಚದ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಬಂದಿದೆ. ಮೇಲೆ ಚಾವಣಿಯಲ್ಲಿ ಒಂದು ಬಿಳಿ ಡಬ್ಬಿ ಇದೆ, ನಿಮಿಷಕ್ಕೊಂದು ಸಲ ಕೀ ಅನ್ನುತ್ತೆ. ಓನರಮ್ಮನಿಗೆ ಹೇಳಿದೆ, ಅದು ಯಾವಾಗಲೂ ಹಾಗೇ ಅಂದಳು.

ಮನೆಯ ನೆನಪಾಗುತ್ತೆ. ಒಲೆ ಮುಂದೆ ನೀನು ಕೂರುವ ಜಾಗ ನೆನಪಾಗುತ್ತೆ.

ನಿನ್ನ
ಸೌಮ್ಯ

—

ಬಾಳೂರು
30 ಅಕ್ಟೋಬರ್ 2024

ಸೌಮ್ಯಾ,

ಬಟ್ಟೆ ಒಣಗಲ್ಲ ಅಂತ ಬರೆಯಕ್ಕೆ ನಾಚಿಕೆ ಆಗಲ್ವೇನೆ ನಿನಗೆ? ಯಾರ ಮನೇಲಿ ಬೆಳೆದವಳು ನೀನು? ಏಲಕ್ಕಿ ಒಣಗಿಸೋ ಗೂಡಿನ ಒಲೆ ಹದಿನೆಂಟು ವರ್ಷ ಕಾದವಳು ನಾನು. ಸಂಸೆಯಿಂದ ಸಾಹುಕಾರ್ರು ಜೀಪಲ್ಲಿ ಬಂದು, ಮುತ್ತಮ್ಮ ಒಣಗಿಸಿದ ಕಾಯಿಯ ಹಸಿರು ಬೇರೆ ಯಾರ ಕೈಯಲ್ಲೂ ಬರಲ್ಲ ಅಂತ ಹೇಳಿ ಹೋಗಿದಾರೆ. ಬೆಂಕಿ ವಿಷಯ ನನ್ನ ಕೇಳು.

ಒಂದು ಕಬ್ಬಿಣದ ಬಕೆಟ್ಟು ತಗೋ. ತಳಕ್ಕೆ ಮೂರು ಬೆರಳು ಬೂದಿ ಇಲ್ಲಾ ಮರಳು ಹಾಕು. ಇದ್ದಿಲನ್ನ ಹೊರಗೇ ಹಚ್ಚು. ಹೊಗೆ ಪೂರ್ತಿ ಹೋಗಿ ಕೆಂಡ ಕೆಂಪಾಗೋವರೆಗೆ ಒಳಗೆ ತರಬೇಡ. ಗೂಡಿನಲ್ಲಿ ನಾನು ಕಲಿತಿದ್ದು ಅದೊಂದೇ, ಹೊಗೆ ಹೊಕ್ಕರೆ ಕಾಯಿ ಕೆಟ್ಟಿತು, ಹೊಗೆ ಇಲ್ದಿದ್ರೆ ಏನೂ ಭಯ ಇಲ್ಲ. ಆಮೇಲೆ ಒಳಗಿಟ್ಟು ಮೇಲೊಂದು ಬುಟ್ಟಿ ಕವುಚಿ ಬಟ್ಟೆ ಹರಡು. ನಿನ್ನ ಚಿಕ್ಕಂದಿನ ಲಂಗವೆಲ್ಲ ಮಳೆಗಾಲದಲ್ಲಿ ಹಾಗೇ ಒಣಗಿದ್ದು. ಬಟ್ಟೆಗೆ ಬಟ್ಟೆ ಒಣಗುತ್ತೆ, ಆ ಹುಡುಗಿಗೂ ಚಳಿ ಬಿಡುತ್ತೆ. ಪಾಪ, ಅಂಗಡಿ ಮನೆ ಕೂಸು, ಸುಖದಲ್ಲಿ ಬೆಳೆದಿದ್ದು.

ಕೀ ಕೀ ಅನ್ನೋ ಡಬ್ಬಿ ಕಿತ್ತು ಪೆಟ್ಟಿಗೆಗೆ ಹಾಕು. ನಿದ್ದೆ ಕೆಡಿಸೋ ಸಾಮಾನು ಯಾಕೆ ಬೇಕು?

ಇಲ್ಲಿ ಎಸ್ಟೇಟಿನವರು ಹೊಸ ಆರ್‌ಸಿಸಿ ಮನೆ ಕಟ್ಟಿಸ್ತಿದಾರೆ. ನನಗೂ ಒಂದು ಕೊಡ್ತಾರಂತೆ. ಹಂಚಿಲ್ಲ, ಸೋರಲ್ಲ, ಗಾಜಿನ ಕಿಟಕಿ ಬೇರೆ. ನೀನು ಬರೋ ಹೊತ್ತಿಗೆ ನಿನ್ನ ಅತ್ತೆ ದೊಡ್ಡ ಮನುಷ್ಯಳಾಗಿರ್ತಾಳೆ.

ಅತ್ತೆ

—

ಲಿಮರಿಕ್
20 ನವೆಂಬರ್ 2024

ಅತ್ತೆ,

ನಿನ್ನ ಕೈಗೆ ಚಿನ್ನದ ಬಳೆ ಹಾಕಿಸಬೇಕು!

ಇಲ್ಲಿ ಪೆಟ್ರೋಲ್ ಬಂಕಿನಲ್ಲೇ ಇದ್ದಿಲು ಮಾರ್ತಾರೆ, ಚೀಲಗಟ್ಟಲೆ. ಹಳೇ ಸಾಮಾನಿನ ಅಂಗಡಿಯಲ್ಲಿ ಕಬ್ಬಿಣದ ಬಕೆಟ್ಟೂ ಸಿಕ್ಕಿತು. ಓನರಮ್ಮ ಕೆಲಸಕ್ಕೆ ಹೋದ ಮೇಲೆ ಹಿತ್ತಲ ಮೂಲೆಯಲ್ಲಿ ಹಚ್ಚಿ, ನೀನು ಹೇಳಿದ ಹಾಗೆ ಒಂದೆಳೆ ಹೊಗೆ ಇಲ್ಲದೆ ಕೆಂಪಾದ ಮೇಲೆ ಒಳಗೆ ತಂದೆ. ರಜನಿ ಬಕೆಟ್ಟಿನ ಸುತ್ತ ಕುಣಿದಳು. ಎರಡು ತಿಂಗಳಲ್ಲಿ ಮೊದಲ ಸಲ ಟೋಪಿ ತೆಗೆದು ಮಲಗಿದಳು. "ಇದು ಮುತ್ತತ್ತೆಯ ಕೆಂಡ" ಅಂತ ಹೆಸರಿಟ್ಟಿದ್ದಾಳೆ. ದಿನಾ ಸಂಜೆ, "ಮುತ್ತತ್ತೆ ಬಂದ್ರಾ?" ಅಂತ ಕೇಳ್ತಾಳೆ.

ಬಿಳಿ ಡಬ್ಬಿಯನ್ನು ಕಿತ್ತು ಕಾಲುಚೀಲದಲ್ಲಿ ಸುತ್ತಿ ನನ್ನ ಸೂಟ್‌ಕೇಸಿಗೆ ಹಾಕಿದೆ. ಅಬ್ಬಾ, ಎಂಥಾ ನೆಮ್ಮದಿ!

ಲ್ಯಾಬಿನಲ್ಲಿ ಈಗ ನನ್ನ ಮಾತು ಅವರಿಗೂ ಅವರ ಮಾತು ನನಗೂ ಅರ್ಥವಾಗುತ್ತೆ. ಬೆಳಿಗ್ಗೆ ಒಂದು ವೃದ್ಧಾಶ್ರಮದ ಅಡಿಗೆಮನೆಯಲ್ಲಿ ಕೆಲಸ ಸಿಕ್ಕಿದೆ, ವಾರಕ್ಕೆ ನಾಲ್ಕು ದಿನ. ಅಜ್ಜಿಯರು ನನ್ನ ಹೆಸರನ್ನ ಏನೇನೋ ಮಾಡಿ ಕರೀತಾರೆ. ಒಟ್ಟಿನಲ್ಲಿ ಇಲ್ಲಿ ಬದುಕಬಹುದು ಅನ್ನಿಸ್ತಿದೆ ಅತ್ತೆ, ಇದೇ ಮೊದಲ ಸಲ.

ಬೆಳಿಗ್ಗೆ ಎದ್ದಾಗ ಇಬ್ಬರಿಗೂ ಸ್ವಲ್ಪ ತಲೆನೋವು. ನನಗೆ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಬಿಡುತ್ತೆ. ರಜನಿಗೆ ಕ್ಲಾಸು ಕಡಿಮೆ, ರೂಮಿನಲ್ಲೇ ಇರ್ತಾಳೆ, ಅವಳಿಗೆ ಮಧ್ಯಾಹ್ನದವರೆಗೂ ಇರುತ್ತೆ. ಚಳಿಯಿಂದ ಇರಬೇಕು.

ಒಂದು ಮಾತು. ಕೆಂಡದ ವಿಷಯ ರಜನಿ ಅವರಮ್ಮನಿಗೆ ಹೇಳಿಲ್ಲ. ಹೀಟರ್ ಚೆನ್ನಾಗಿದೆ ಅಂದಿದ್ದಾಳೆ. ಇಲ್ಲದಿದ್ದರೆ ಅವರು ಊಟ ಬಿಡ್ತಾರಂತೆ. ನೀನೂ ಬಾಯಿ ಬಿಡಬೇಡ.

ಸೌಮ್ಯ

—

ಬಾಳೂರು
11 ಡಿಸೆಂಬರ್ 2024

ಸೌಮ್ಯಾ,

ಚಿನ್ನದ ಬಳೆ ಇರ್ಲಿ, ಮೊದಲು ನಿನ್ನ ತಲೆನೋವು ನೋಡು. ಗಾಳಿ ಕಿವಿಗೆ ಹೊಡೀತಿದೆ, ಇನ್ನೇನು? ಒಂದು ಕಡೆ ಕೆಂಡದ ಬಿಸಿ, ಇನ್ನೊಂದು ಕಡೆ ಸಂದಿಯಿಂದ ತಣ್ಣಗಿನ ಗಾಳಿ, ತಲೆ ಹಿಡಿಯದೆ ಏನು ಮಾಡುತ್ತೆ. ಕಿಟಕಿ ಸಂದಿಗೆ, ಬಾಗಿಲ ಕೆಳಗೆ, ಎಲ್ಲೆಲ್ಲಿ ಗಾಳಿ ನುಗ್ಗುತ್ತೋ ಅಲ್ಲೆಲ್ಲ ಹಳೇ ಬಟ್ಟೆ ತುರುಕು. ಒಂದು ಚೂರೂ ಬಿಡಬೇಡ. ಇಬ್ಬರೂ ಕಿವಿ ಮುಚ್ಚೋ ಹಾಗೆ ತಲೆಗೆ ಬಟ್ಟೆ ಕಟ್ಕೊಂಡು ಮಲಗಿ.

ಸೋಮವಾರ ಆಲ್ದೂರಿಗೆ ಹೋಗಿದ್ದೆ. ಮಲ್ಲೇಶಪ್ಪನವರ ಅಂಗಡಿಗೆ ಹೋಗಿ, ನಾನು ಸೌಮ್ಯನ ಅತ್ತೆ ಅಂದೆ. ರಜನಿ ಅಮ್ಮ ಯಶೋದಮ್ಮನವರು ಒಳಗೆ ಕರೆದು ಕುರ್ಚಿ ಹಾಕಿ ಕೂರಿಸಿದ್ರು ಕಣೇ! ಕಾಫಿ ಕೊಟ್ರು. ನಾನು ತಗೊಂಡು ಹೋಗಿದ್ದ ಮಿಡಿ ಉಪ್ಪಿನಕಾಯಿ ಭರಣಿ ಕೊಟ್ಟೆ. ಮೊಬೈಲಲ್ಲಿ ರಜನಿ ಫೋಟೋ ತೋರಿಸಿದ್ರು. ಎಷ್ಟು ಮುದ್ದಾಗಿದಾಳೆ ಮಾರಾಯ್ತಿ, ಗಲ್ಲದಲ್ಲಿ ಗುಳಿ. "ಹೀಟರ್ ಚೆನ್ನಾಗಿದೆಯಂತೆ, ಈಗ ಬೆಚ್ಚಗಿದಾಳಂತೆ" ಅಂತ ಕಿವಿಗೆ ಕೂಗಿದ್ರು. ಆ ಹೀಟರ್ ನಾನೇ ಅಂತ ನಾಲಿಗೆ ತುದಿಗೆ ಬಂದಿತ್ತು, ನಿನ್ನ ಮಾತು ನೆನಪಾಗಿ ನುಂಗಿದೆ.

ಹೊಸ ಮನೆಗೆ ಬಂದೆ. ಬಾಗಿಲು ಹಾಕಿದ್ರೆ ಗಾಳಿ ಅಲ್ಲಾಡಲ್ಲ. ಮೇಕೆ ಒಂದು ಮರಿ ಹಾಕಿದೆ, ಕರೀದು, ಒಂದು ಕಿವಿ ಮಾತ್ರ ಬಿಳಿ. ಇಬ್ಬನಿಗೆ ಸತ್ತೇಹೋಗುತ್ತೆ ಅಂತ ಒಳಗೇ ಮಲಗಿಸ್ಕೋತೀನಿ. ಕಾಫಿ ಹಣ್ಣು ಕೊಯ್ಲು ಶುರುವಾಗಿದೆ, ಬೆನ್ನು ನೋವು. ಇನ್ನು ಚಳಿ ಜಾಸ್ತಿ ಆದ್ರೆ ನಾನೂ ಬಕೆಟ್ಟಿಗೆ ಕೆಂಡ ಹಾಕ್ತೀನಿ. ನೀನಲ್ಲಿ, ನಾನಿಲ್ಲಿ, ಒಂದೇ ಬೆಂಕಿ.

ಅತ್ತೆ

—

ಲಿಮರಿಕ್
27 ಡಿಸೆಂಬರ್ 2024

ಅತ್ತೆ,

ನಿನ್ನ ಪತ್ರ ಹಬ್ಬದ ಹಿಂದಿನ ದಿನ ಬಂತು. ಹೇಳಿದ ಹಾಗೆ ಮಾಡಿದ್ದೀವಿ. ರಜನಿಯ ಹಳೇ ಕಾಟನ್ ಸೀರೆ ಹರಿದು ಕಿಟಕಿಗೆ, ಬಾಗಿಲಿಗೆ, ಗೋಡೆಯಲ್ಲಿ ಒಂದು ಚಿಕ್ಕ ಜಾಲರಿ ಇತ್ತು, ಅದಕ್ಕೂ ತುರುಕಿದೆವು. ಈಗ ಒಂದು ಚೂರೂ ಗಾಳಿ ಬರಲ್ಲ.

ಓನರಮ್ಮ ಕ್ರಿಸ್ಮಸ್‌ಗೆ ಮಗಳ ಮನೆಗೆ ಹೋಗಿದ್ದಾಳೆ. ಹೋಗುವಾಗ ಹೀಟರಿನ ಮೇನ್ ಆರಿಸಿ ಬೀಗ ಹಾಕಿದ್ದಾಳೆ. ಹೊರಗೆ ಹುಲ್ಲಿನ ಮೇಲೆ ಬಿಳಿ ಮಂಜು ಕಲ್ಲಾಗಿ ನಿಂತಿದೆ. ಅದಕ್ಕೇ ಈಗ ಹಗಲೂ ಕೆಂಡ ಇಡ್ತೀವಿ. ಯೂನಿವರ್ಸಿಟಿ ರಜೆ, ಲೈಬ್ರರಿ ಮುಚ್ಚಿದೆ, ಜನವರಿಯಲ್ಲಿ ಪರೀಕ್ಷೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ.

ರಜನಿಗೆ ಹುಷಾರಿಲ್ಲ. ನಿನ್ನೆ ಎರಡು ಸಲ ವಾಂತಿಯಾಯಿತು. ಜ್ವರ ಇಲ್ಲ, ಕೆಮ್ಮಿಲ್ಲ. ಮಧ್ಯಾಹ್ನದವರೆಗೆ ಮಲಗಿರ್ತಾಳೆ, ಎಬ್ಬಿಸಿದರೆ ಇದು ಯಾವ ಊರು ಅಂತ ಕೇಳ್ತಾಳೆ. ತಮಾಷೆಗೆ ಕೇಳ್ತಿದ್ದಾಳೆ ಅಂದ್ಕೊಂಡಿದ್ದೆ. ನನಗೂ ತಲೆ ಸಿಡಿಯುತ್ತೆ. ವಿಚಿತ್ರ ಏನು ಗೊತ್ತಾ, ಕೆಲಸಕ್ಕೆ ಹೋದರೆ ತಲೆ ಹಗುರ, ರೂಮಿಗೆ ಬಂದರೆ ಭಾರ. ಓದೋದು ಅಂದರೆ ನಿನಗೆ ತಲೆನೋವು ಅಂತ ರಜನಿ ಆಡಿಕೊಳ್ತಾಳೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ ಹಬ್ಬ ಮುಗಿಯಲಿ ಅಂತಾಳೆ.

ಬಟ್ಟೆ ಮಾತ್ರ ಚೆನ್ನಾಗಿ ಒಣಗ್ತಿದೆ. ನಾನು ನಿನ್ನೆ ನಿನ್ನ ಕನಸು ಕಂಡೆ, ಏನು ಅಂತ ಮರೆತೆ. ಬಟ್ಟೆ ಮಾತ್ರ ಚೆನ್ನಾಗಿ ಒಣಗ್ತಿದೆ. ಅಯ್ಯೋ, ಒಂದೇ ಸಾಲು ಎರಡು ಸಲ ಬರೆದಿದ್ದೀನಿ ನೋಡು. ಕಣ್ಣು ಎಳೀತಿದೆ, ಸ್ವಲ್ಪ ಮಲಗ್ತೀನಿ. ನಾಳೆ ಪೋಸ್ಟ್ ಮಾಡ್ತೀನಿ.

ಸೌಮ್ಯ

—

ಬಾಳೂರು
30 ಡಿಸೆಂಬರ್ 2024

ಸೌಮ್ಯಾ,

ನಿನ್ನ ಕಾಗದ ಬಂದಿಲ್ಲ. ಆದ್ರೂ ಬರೀತಿದೀನಿ, ಮನಸ್ಸಿಗೆ ಸರಿ ಇಲ್ಲ.

ಮರಿ ಸತ್ತುಹೋಯ್ತು. ನಿನ್ನೆ ರಾತ್ರಿ ಮಂಜು ಜಾಸ್ತಿ ಇತ್ತು, ಬಕೆಟ್ಟಿಗೆ ಕೆಂಡ ಹಾಕಿ ಪಕ್ಕದಲ್ಲಿ ಗೋಣಿ ಹಾಸಿ ಮಲಗಿಸಿದ್ದೆ. ಹಾಲು ಕುಡಿದು ಚೆಂಗ್ ಚೆಂಗ್ ಅಂತ ಹಾರಿ ಮಲಗಿದ್ದು. ಬೆಳಿಗ್ಗೆ ನೋಡಿದ್ರೆ ಹಾಗೇ ಕಾಲು ಮಡಿಸ್ಕೊಂಡು ಮಲಗಿದೆ, ಉಸಿರಿಲ್ಲ. ಹೊಟ್ಟೆ ಉಬ್ಬಿಲ್ಲ, ಹಾವು ಕಚ್ಚಿದ ಗುರುತಿಲ್ಲ. ಕೆಂಡದಲ್ಲಿ ಒಂದೆಳೆ ಹೊಗೆ ಇರ್ಲಿಲ್ಲ, ಅದು ನಾನು ಆಣೆ ಮಾಡಿ ಹೇಳ್ತೀನಿ. ಯಾರ ಕಣ್ಣು ಬಿತ್ತೋ ಏನೋ. ಸಿಲ್ವರ್ ಮರದ ಬುಡದಲ್ಲಿ ಹೂತು ಬಂದೆ. ತಾಯಿ ಮೇಕೆ ಬಾಗಿಲಿಗೆ ಬಂದು ಬಂದು ಮೂಸುತ್ತೆ.

ನನಗೂ ಏಳಕ್ಕೆ ಆಗ್ಲಿಲ್ಲ. ತಲೆ ಎರಡು ಹೋಳಾದ ಹಾಗೆ. ಬಾಗಿಲು ತೆಗೆದು ಹೊಸ್ತಿಲ ಮೇಲೆ ಬಿದ್ದುಬಿಟ್ಟೆ. ಸ್ವಲ್ಪ ಹೊತ್ತು ಹೊರಗೆ ಕೂತ ಮೇಲೆ ಸರಿ ಆಯ್ತು. ವಯಸ್ಸಾಯ್ತು ಅಂತ ಕಾಣುತ್ತೆ.

ನೀವಿಬ್ಬರೂ ಹುಷಾರು. ಭಾನುವಾರ ಫೋನಲ್ಲಿ ಚೆನ್ನಾಗಿದೀನಿ ಅಂದ್ಯಂತೆ. ನಿಜ ತಾನೆ?

ಅತ್ತೆ

—

ಎಸ್ಟೇಟ್ ಆಫೀಸು
13 ಜನವರಿ 2025, ಬೆಳಿಗ್ಗೆ

ಸೌಮ್ಯಾ ಸೌಮ್ಯಾ,

ಮೊದಲು ಬೆಂಕಿ ಆರಿಸು. ಕಿಟಕಿ ತೆಗಿ. ಬಟ್ಟೆ ಎಲ್ಲ ಕಿತ್ತುಹಾಕು. ರಜನಿನ ಹೊರಗೆ ಎಳ್ಕೊಂಡು ಬಾ.

ಈ ಕಾಗದ ತಲುಪಕ್ಕೆ ಮೂರು ವಾರ ಬೇಕು ಅಂತ ನನಗೂ ಗೊತ್ತು. ಸುರೇಂದ್ರ ಅವ್ರು ಫೋನ್ ಹಿಡ್ಕೊಂಡು ನೀರಿನ ಟ್ಯಾಂಕ್ ದಿಬ್ಬ ಹತ್ತಿದಾರೆ, ಅಲ್ಲಿ ಮಾತ್ರ ಸಿಗ್ನಲ್ ಸರಿಯಾಗಿ ಸಿಗುತ್ತೆ. ನಾನು ಹತ್ತಿದ್ರೂ ಏನು ಪ್ರಯೋಜನ, ಕೇಳಿಸಲ್ಲ. ಸುಮ್ನೆ ಕೂರಕ್ಕೆ ಆಗ್ತಿಲ್ಲ, ಅದಕ್ಕೇ ಮೆಟ್ಟಿಲ ಮೇಲೆ ಕೂತು ಬರೀತಿದೀನಿ.

ನಿನ್ನ ಇಪ್ಪತ್ತೇಳನೇ ತಾರೀಖಿನ ಕಾಗದವನ್ನ ಪೋಸ್ಟ್ ನಾಗೇಶ ಈಗ ತಾನೇ ಕೊಟ್ಟು ಹೋದ. ಹೊರಗೆ ಹೋದ್ರೆ ತಲೆ ಹಗುರ ಅಂತ ಬರೆದಿದೀಯ. ಅದನ್ನ ಓದಿದ ಕೂಡ್ಲೇ ನಂದೆಲ್ಲ ಒಟ್ಟಿಗೆ ನೆನಪಾಯ್ತು. ಹೊಸ್ತಿಲ ಮೇಲೆ ಬಿದ್ದಿದ್ದು, ಹೊರಗೆ ಬಂದ ಮೇಲೆ ಸರಿಹೋಗಿದ್ದು, ಮರಿ ಕಾಲು ಮಡಿಸ್ಕೊಂಡು ಮಲಗಿದ್ದು. ಓಡಿಬಂದು ಸುರೇಂದ್ರ ಅವ್ರಿಗೆ ಹೇಳ್ದೆ. ಅವ್ರ ಮುಖ ಬಿಳಿಚಿಕೊಳ್ತು. "ಮುಚ್ಚಿದ ಮನೇಲಿ ಇದ್ದಿಲು ಇಡ್ಬಾರ್ದು ಮುತ್ತಮ್ಮಾ! ಹೊಗೆ ಇಲ್ದಿದ್ರೂ ವಿಷಗಾಳಿ ಬರುತ್ತೆ! ಅದಕ್ಕೆ ವಾಸನೆ ಇರಲ್ಲ!" ಅಂತ ಕೂಗಿದ್ರು. ಆ ಬಿಳಿ ಡಬ್ಬಿ ಅದನ್ನ ಹಿಡಿದು ಹೇಳೋದೇ ಇರ್ಬೇಕಂತೆ.

ಇಷ್ಟು ವರ್ಷ ನಾನು ಜಾಣೆ ಅಂದ್ಕೊಂಡಿದ್ದೆನಲ್ಲೇ. ಲೈನ್ ಮನೆಯ ಹಂಚಿನ ಸಂದಿ ನಮ್ಮನ್ನ ಕಾಪಾಡಿದ್ದು, ನನ್ನ ಜಾಣತನ ಅಲ್ಲ. ಆ ಸಂದಿಯನ್ನೇ ಮುಚ್ಚು ಅಂತ ನಿನಗೆ ಬರೆದೆನಲ್ಲೇ.

ಸುರೇಂದ್ರ ಅವ್ರು ಮಾತಾಡ್ತಿದಾರೆ. ಯಾರೋ ಫೋನ್ ಎತ್ತಿದಾರೆ. ನೀನೇ ಇರ್ಬೇಕು. ನೀನೇ ಆಗಿರ್ಲಿ ದೇವರೇ.

ತಲೆ ತಗ್ಗಿಸಿದ್ರು.

ಇಳಿದು ಬರ್ತಿದಾರೆ. ಓಡಿ ಬರ್ತಿಲ್ಲ.

—

ಲಿಮರಿಕ್
30 ಜನವರಿ 2025

ಅತ್ತೆ,

ಸುರೇಂದ್ರಣ್ಣನಿಗೆ ಫೋನಿನಲ್ಲಿ ಹೇಳಿದ್ದು ಅರ್ಧ ಮಾತ್ರ. ರಜನಿ ಹೋದಳು, ನಾನು ಬದುಕಿದ್ದೀನಿ, ಅಷ್ಟೇ ಹೇಳಿದೆ. ಮಿಕ್ಕಿದ್ದನ್ನು ಹೇಳಿದ್ದರೆ ಅವರು ಆಫೀಸಿನ ಮುಂದೆ ನಿಂತು ಕೂಗಬೇಕಿತ್ತು.

ಅದು ಜನವರಿ ಹನ್ನೊಂದು, ಶನಿವಾರ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ರಜನಿ ಎಚ್ಚರವಾಗಿದ್ದಳು. "ಹೋಗುವಾಗ ಮುತ್ತತ್ತೆಗೆ ಇನ್ನೆರಡು ಚೂರು ಹಾಕಿ ಹೋಗೇ" ಅಂದಳು. ಹಾಕಿದೆ. "ಬಾಗಿಲು ಎಳ್ಕೋ, ಕೆಳಗಿನ ಬಟ್ಟೆ ನಾನೇ ಒಳಗಿಂದ ಸರಿ ಮಾಡ್ಕೋತೀನಿ" ಅಂದಳು.

ಮಧ್ಯಾಹ್ನ ಒಂದು ಗಂಟೆಗೆ ಬಂದೆ. ಮಲಗಿದ್ದಳು. ಕೆನ್ನೆ ಕೆಂಪಗಿತ್ತು ಅತ್ತೆ. ಅಷ್ಟು ಚೆನ್ನಾದ ಬಣ್ಣ ಅವಳ ಮುಖದಲ್ಲಿ ಇಲ್ಲಿಗೆ ಬಂದ ಮೇಲೆ ನೋಡೇ ಇರಲಿಲ್ಲ. ಕೊನೆಗೂ ಬೆಚ್ಚಗಾದಳು ಅಂದ್ಕೊಂಡೆ. ಎಬ್ಬಿಸಲಿಲ್ಲ. ಬಾಗಿಲು ಹಾಕಿ, ಬಟ್ಟೆ ತುರುಕಿ, ಅವಳ ಪಕ್ಕದಲ್ಲೇ ಕೂತು ಅನ್ನ ತಿಂದೆ. ಇಡೀ ತಟ್ಟೆ ತಿಂದೆ. ಆಮೇಲೆ ನೀರಿಗೆ ಎದ್ದವಳು ಬಿದ್ದೆ. ಓನರಮ್ಮ ಮಗಳ ಮನೆಯಿಂದ ವಾಪಸ್ ಬಂದಿದ್ದಳು, ಕಸದ ಡಬ್ಬಿಯ ಜಗಳಕ್ಕೆ ಬಂದು ಬಾಗಿಲು ತೆಗೆದು ನೋಡಿದಳಂತೆ. ಅದರಿಂದ ನಾನು ಉಳಿದೆ. ಆಸ್ಪತ್ರೆಯಲ್ಲಿ ಮೂರು ದಿನ ಮೂಗಿಗೆ ಗಾಳಿ ಕೊಟ್ಟರು. ಸುರೇಂದ್ರಣ್ಣನ ಫೋನು ಬಂದಾಗ ನಾನು ಅಲ್ಲಿದ್ದೆ. ಆ ವಿಷಗಾಳಿಯಿಂದಲೇ ಕೆನ್ನೆ ಹಾಗೆ ಕೆಂಪಗಾಗುತ್ತಂತೆ, ನಾನು ಬರುವ ಮೊದಲೇ ರಜನಿ ಹೋಗಿದ್ದಳಂತೆ.

ಈಗ ಯೂನಿವರ್ಸಿಟಿಯವರೇ ಹಾಸ್ಟೆಲ್ ರೂಮು ಕೊಟ್ಟಿದ್ದಾರೆ. ಈಗ ಜಾಗ ಇದೆ. ತುಂಬಾ ಬೆಚ್ಚಗಿದೆ. ಮಲಗೋಕೆ ಆಗಲ್ಲ.

ಪೊಲೀಸರು ಒಳ್ಳೆಯವರು. ಟೀ ಕೊಟ್ಟು ಕೇಳಿದರು, ಹೀಗೆ ಮಾಡೋದು ನಿಮಗೆ ಯಾರು ಹೇಳಿಕೊಟ್ಟರು ಅಂತ. ಯಾರೂ ಇಲ್ಲ, ನಾನೇ ನನ್ನ ತಲೆಯಿಂದ ಮಾಡಿದ್ದು ಅಂದೆ. ಕಾಲುಚೀಲದಲ್ಲಿದ್ದ ಬಿಳಿ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು, ಇದನ್ನು ಯಾರು ಕಿತ್ತರು ಅಂದರು. ಅದಕ್ಕೂ ನಾನೇ ಅಂದೆ. ನಿನ್ನ ಪತ್ರಗಳನ್ನು ಯಾರಿಗೂ ತೋರಿಸಿಲ್ಲ.

ಆಲ್ದೂರಿನಲ್ಲಿ ಜನ ಏನಂತಿದ್ದಾರೆ ಅಂತ ನನಗೆ ಗೊತ್ತು. ಲೈನ್ ಮನೆ ಹುಡುಗಿಯ ಸಹವಾಸ ಮಾಡಿ ಮಗಳು ಹೋದಳು ಅಂತ ಯಾರೋ ಬರೆದದ್ದು ನನ್ನ ಮೊಬೈಲಿಗೂ ಬಂತು. ಅನ್ನಲಿ ಬಿಡು. ನಾನು ದೂರ ಇದ್ದೀನಿ, ನನಗೆ ಕಲ್ಲು ತಾಗಲ್ಲ. ನೀನು ಅಲ್ಲೇ ಬಾಳಬೇಕು. ನೀನು ಬಾಯಿ ಬಿಡಬೇಡ ಅತ್ತೆ, ನಿನ್ನ ಕಾಲಿಗೆ ಬೀಳ್ತೀನಿ. ನಿನ್ನ ಹೆಸರು ಇದರಲ್ಲಿ ಬರೋದು ಬೇಡ. ಹನ್ನೆರಡು ವರ್ಷ ನನ್ನನ್ನ ಬೆಚ್ಚಗಿಟ್ಟವಳು ನೀನು.

ಸೌಮ್ಯ

—

ಬಾಳೂರು
18 ಫೆಬ್ರವರಿ 2025

ಸೌಮ್ಯಾ,

ಮೂವತ್ತನೇ ತಾರೀಖಿನ ಕಾಗದ ಮೊನ್ನೆ ಬಂತು. ಆವತ್ತು ಆಫೀಸಿನ ಮೆಟ್ಟಿಲ ಮೇಲೆ ಬರೆದು ಅರ್ಧಕ್ಕೆ ಬಿಟ್ಟಿದ್ದನ್ನೂ ಇದರ ಜೊತೆ ಇಟ್ಟಿದೀನಿ. ಹರಿಯಕ್ಕೆ ಮನಸ್ಸು ಬರ್ಲಿಲ್ಲ.

ನೀನು ಹೇಳಿದ್ದು ನಾನು ಕೇಳ್ಲಿಲ್ಲ. ನಿನ್ನೆ ಆಲ್ದೂರಿಗೆ ಹೋಗಿದ್ದೆ.

ಬಸ್ಸಿಳಿದು ಅಂಗಡಿ ಮುಂದೆ ನಿಂತೆ. ಅಂಗಡಿ ತೆಗೆದಿತ್ತು, ಮಲ್ಲೇಶಪ್ಪನವರು ಗಲ್ಲಾದಲ್ಲಿ ಕೂತಿದ್ರು. ಗಿರಾಕಿ ಮುಂದೆ ಸೀರೆ ಹರಡಿತ್ತು, ಅವ್ರು ರಸ್ತೆ ನೋಡ್ತಿದ್ರು. ಯಶೋದಮ್ಮನವರು ನನ್ನ ಕಂಡು ಎದ್ದು ಬಂದ್ರು. ಅವ್ರ ಕೂದಲು ಒಂದು ತಿಂಗಳಲ್ಲಿ ಬೆಳ್ಳಗಾಗಿದೆ. ಒಳಗೆ ಬನ್ನಿ ಅಂತ ಕೈ ಮಾಡಿದ್ರು. ನಾನು ಹೋಗ್ಲಿಲ್ಲ. ಹೋದ ಸಲ ಕೂತ ಕುರ್ಚಿ ಕಾಣ್ತಿತ್ತು.

ಮೆಟ್ಟಿಲ ಮೇಲೇ ನಿಂತು ಹೇಳ್ದೆ. ಕೆಂಡ ಇಡಿ ಅಂದಿದ್ದು ನಾನು, ಡಬ್ಬಿ ಕೀಳಿ ಅಂದಿದ್ದು ನಾನು, ತಲೆನೋವು ಅಂದಾಗ ಸಂದಿಗೆ ಬಟ್ಟೆ ತುರುಕಿ ಅಂದಿದ್ದೂ ನಾನೇ. ಸೌಮ್ಯ ಇನ್ನೂ ಹುಡುಗಿ, ನಾನು ಹೇಳಿದ್ದನ್ನ ಮಾಡಿದ್ಲು. ಅವಳನ್ನ ಬೈಬೇಡಿ, ಬೈಯೋದಿದ್ರೆ ನಾನಿಲ್ಲೇ ನಿಂತಿದೀನಿ ಅಂದೆ. ನನ್ನ ಧ್ವನಿ ಎಷ್ಟು ಅಂತ ನನಗೆ ತಿಳಿಯಲ್ಲ ನೋಡು, ಮೆಲ್ಲಗೇ ಹೇಳ್ದೆ ಅಂದ್ಕೊಂಡಿದ್ದೆ. ಎದುರುಗಡೆ ಹೋಟೆಲಿನವರೆಲ್ಲ ಹೊರಗೆ ಬಂದು ನಿಂತಿದ್ರು. ಬಸ್ಸಿಂದ ಜನ ಇಣುಕ್ತಿದ್ರು. ಒಳ್ಳೇದೇ ಆಯ್ತು. ನಿನ್ನ ಹೆಸರು ಹೇಳಿದವರೆಲ್ಲ ಕೇಳಿಸ್ಕೊಂಡ್ರು.

ಯಶೋದಮ್ಮನವರು ಮಾತಾಡಿದ್ರು. ತುಂಬಾ ಹೊತ್ತು ಮಾತಾಡಿದ್ರು. ತುಟಿ ಅಲ್ಲಾಡ್ತಿತ್ತು, ಕತ್ತಿನ ನರ ಉಬ್ಬಿತ್ತು, ಕಣ್ಣಲ್ಲಿ ನೀರು. ಬೈದ್ರೋ, ಶಾಪ ಹಾಕಿದ್ರೋ, ಇನ್ನೇನಂದ್ರೋ ನನಗೆ ಗೊತ್ತಿಲ್ಲ. ಯಾರೂ ಹತ್ರ ಬಂದು ನನ್ನ ಕಿವಿಗೆ ಕೂಗ್ಲಿಲ್ಲ. ನಾನೂ ಕೇಳ್ಲಿಲ್ಲ. ಏನಂದ್ರೂ ಅದು ನನಗೆ ಸಲ್ಲಬೇಕಾದ್ದೇ ಅಂತ ತಲೆ ಬಗ್ಗಿಸಿ ನಿಂತೆ.

ಆಮೇಲೆ ನನ್ನ ಕಿವಿ ನೆನಪಾಯ್ತು ಅಂತ ಕಾಣುತ್ತೆ. ಗಲ್ಲಾ ಮೇಲಿದ್ದ ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದು, ಹಿಂದುಗಡೆ ಏನೋ ಬರೆದು, ನನ್ನ ಕೈಯಲ್ಲಿಟ್ಟು ಒಳಗೆ ಹೋಗಿಬಿಟ್ರು. ಬಸ್ಸಲ್ಲಿ ಕೂತ ಮೇಲೆ ಓದಿದೆ. ಅದು ನನಗೆ ಬರೆದಿದ್ದಲ್ಲ, ನಿನಗೆ. ಈ ಕಾಗದದ ಒಳಗಿಟ್ಟಿದೀನಿ. ಒಂದೇ ಸಾಲು ಇದೆ.

"ಆವತ್ತು ಬೆಳಿಗ್ಗೆ ನೀನು ಹೊರಡುವಾಗ ನನ್ನ ಮಗಳಿಗೆ ಚಳಿ ಆಗುತ್ತಿತ್ತಾ?"

ಅದರ ಉತ್ತರ ನಿನ್ನೊಬ್ಬಳಿಗೇ ಗೊತ್ತು. ಅವ್ರಿಗೇ ಬರಿ. ಅವಳು ಇನ್ನೆರಡು ಚೂರು ಹಾಕು ಅಂದಿದ್ದು, ನೀನು ಹಾಕಿದ್ದು, ಅವಳ ಕೆನ್ನೆ ಕೆಂಪಗಿದ್ದಿದ್ದು, ಎಲ್ಲ ಬರಿ. ನನ್ನ ಉಳಿಸಕ್ಕೆ ಒಂದು ಸುಳ್ಳೂ ಸೇರಿಸ್ಬೇಡ. ಪೊಲೀಸರಿಗೂ ನನ್ನ ಕಾಗದ ತೋರಿಸು.

ಬಕೆಟ್ಟನ್ನ ಸುರೇಂದ್ರ ಅವ್ರ ಕೈಗೆ ಕೊಟ್ಟುಬಿಟ್ಟೆ. ಹೊಸ ಮನೆ ಕಿಟಕಿಗಳನ್ನೆಲ್ಲ ತೆಗೆದಿಟ್ಕೊಂಡೇ ಮಲಗ್ತೀನಿ. ಬೆಳಗಿನ ಜಾವ ಮಂಜು ಒಳಗೇ ಬರುತ್ತೆ. ಚಳಿ ಆಗುತ್ತೆ. ಆಗ್ಲಿ.

ನಿನ್ನ ಅತ್ತೆ,
ಮುತ್ತಮ್ಮ